ಹಡಲ್‌ಸ್ಟನ್ 8 ಇಂಚಿನ ಟ್ರೌಟ್ ಲೂರ್: ಅವಸರದ ಕೈಗೆ ಒಗ್ಗದ ಸಾಮಾನು

ಹಡಲ್‌ಸ್ಟನ್ ಡಿಲಕ್ಸ್ ಕಂಪನಿಯ 8 ಇಂಚಿನ ಟ್ರೌಟ್ ಲೂರನ್ನು, ಅಂದರೆ ದೊಡ್ಡ ಮೀನನ್ನು ಸೆಳೆಯಲು ಟ್ರೌಟ್ ಮೀನಿನ ಆಕಾರದಲ್ಲಿ ಮಾಡಿದ ಕೃತಕ ಎರೆಯನ್ನು, ಪೊಟ್ಟಣದಿಂದ ತೆಗೆದರೆ ಸಂತೆಯಿಂದ ತಂದ ಮೀನನ್ನೇ ಹಿಡಿದಂತಿರುತ್ತದೆ. ಮೆತ್ತನೆಯ ಮೈ, ಐದು ಔನ್ಸ್ ಆಸುಪಾಸಿನ ತೂಕ, ಬೆನ್ನ ಮೇಲೆ ಎದ್ದು ನಿಂತ ಒಂದೇ ದಪ್ಪ ಗಾಳ. ಕ್ಯಾಲಿಫೋರ್ನಿಯಾದಲ್ಲಿ ಹತ್ತು ಪೌಂಡ್, ಅಂದರೆ ನಾಲ್ಕೂವರೆ ಕಿಲೋ ದಾಟಿದ ಲಾರ್ಜ್‌ಮೌತ್ ಬಾಸ್ ಎಂಬ ಬೇಟೆಗಾರ ಮೀನು ಬೇಕೆಂದು ಹಟ ಹಿಡಿದವರ ಪೆಟ್ಟಿಗೆಯಲ್ಲಿ ಇದು ಇದ್ದೇ ಇರುತ್ತದೆ. ಆದರೆ ಕೊಂಡವರಲ್ಲಿ ಬಹಳ ಜನ ನಾಲ್ಕು ಸಲ ಎಸೆದು ಮೂಲೆಗೆ ಹಾಕುತ್ತಾರೆ. ಕಾರಣ ಸಾಮಾನ್ಯವಾಗಿ ಎರಡೇ: ಕೆರೆಯ ಆಳಕ್ಕೆ ಹೊಂದದ ಮಾದರಿ ತಂದಿರುತ್ತಾರೆ, ಇಲ್ಲವೇ ಯಾರೋ ಅಟ್ಟಿಸಿಕೊಂಡು ಬಂದವರಂತೆ ರೀಲ್ ಸುತ್ತುತ್ತಾರೆ.

ಟ್ರೌಟ್ ಆಕಾರವೇ ಯಾಕೆ ಎನ್ನುವುದನ್ನು ಮೊದಲು ತಿಳಿದುಕೊಂಡರೆ ದುಡ್ಡು ಉಳಿಯಬಹುದು. ಬೇಗ ದಪ್ಪವಾಗಿ ಬೆಳೆಯುವ ಫ್ಲಾರಿಡಾ ತಳಿಯ ಬಾಸ್ 1959ರಲ್ಲಿ ಸ್ಯಾನ್ ಡಿಯಾಗೊ ಕಡೆಯ ಜಲಾಶಯಕ್ಕೆ ಬಂತು. ಕ್ಯಾಲಿಫೋರ್ನಿಯಾದ ಅನೇಕ ಕೆರೆಗಳಿಗೆ ತಂಪಿನ ತಿಂಗಳುಗಳಲ್ಲಿ ಮೀನು ಸಾಕಣೆ ಕೇಂದ್ರದ ರೇನ್‌ಬೋ ಟ್ರೌಟನ್ನು ಲಾರಿಯಲ್ಲಿ ತಂದು ಬಿಡುತ್ತಾರೆ. ಮೈತುಂಬ ಕೊಬ್ಬು, ಚುಚ್ಚುವ ಮುಳ್ಳಿನ ರೆಕ್ಕೆ ಇಲ್ಲ, ತೊಟ್ಟಿಯಲ್ಲಿ ಬೆಳೆದದ್ದರಿಂದ ಶತ್ರು ಎಂದರೇನೆಂದೂ ಗೊತ್ತಿಲ್ಲ. ದೊಡ್ಡ ಬಾಸ್‌ಗೆ ಇದಕ್ಕಿಂತ ಒಳ್ಳೆ ಊಟ ಸಿಗದು. 1991ರಲ್ಲಿ ಕಸ್ಟೇಯಿಕ್ ಜಲಾಶಯದಲ್ಲಿ ಸಿಕ್ಕ 22 ಪೌಂಡಿನ ಮೀನು, ಪುಟ್ಟ ಡಿಕ್ಸನ್ ಕೆರೆಯಲ್ಲಿ 2006ರಲ್ಲಿ ಬಾಯಿಯ ಹೊರಗೆ ಗಾಳ ಸಿಕ್ಕಿಕೊಂಡು ಮೇಲೆ ಬಂದು, ದಾಖಲೆಗೆ ಸೇರದೆ ವಾಪಸ್ ನೀರಿಗೆ ಹೋದ 25 ಪೌಂಡಿನ ಮೀನು, ಎರಡೂ ಇಂಥ ಟ್ರೌಟ್ ಬಿಡುವ ನೀರಿನವು.

ಹಾಗಾಗಿ ನಿಮ್ಮ ಕೆರೆಗೆ ಟ್ರೌಟ್ ಬಿಡುವುದಿಲ್ಲವಾದರೆ ಈ ಲೂರ್ ಕೊಳ್ಳುವ ಅರ್ಧ ಕಾರಣ ಅಲ್ಲಿಗೇ ಮುಗಿಯಿತು. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿರುವ ಕನ್ನಡಿಗರಿಗೆ ಲಿವರ್‌ಮೋರ್ ಬಳಿಯ ಡೆಲ್ ವ್ಯಾಲೆ, ಕ್ಯಾಸ್ಟ್ರೋ ವ್ಯಾಲಿ ಬಳಿಯ ಚಾಬೋ ಕೆರೆಗಳು ಹತ್ತಿರ. ಎರಡಕ್ಕೂ ಟ್ರೌಟ್ ಬಿಡುತ್ತಾರೆ. ಹದಿನಾರು ತುಂಬಿದವರಿಗೆ ರಾಜ್ಯದ ಲೈಸೆನ್ಸ್ ಜೊತೆಗೆ ಪಾರ್ಕಿನ ದಿನದ ಪರ್ಮಿಟ್ಟೂ ಬೇಕು, ಮರೆಯಬೇಡಿ. ಟೆಕ್ಸಾಸಿನ ಲೇಕ್ ಫೋರ್ಕ್‌ನಂಥ ಕಡೆ ದೊಡ್ಡ ಬಾಸ್ ತಿಂದು ಬೆಳೆಯುವುದು ಶಾಡ್ ಮತ್ತು ಬ್ಲೂಗಿಲ್ ಮೀನುಗಳನ್ನು. ಅಲ್ಲಿ ಅಗಲ ಮೈಯ ಬೇರೆ ಲೂರ್‌ಗಳಿಗೆ ಹೋಗುವುದೇ ಸರಿ.

ಇನ್ನು ಪೊಟ್ಟಣದ ಮೇಲಿನ ಆರ್‌ಒಎಫ್ (ರೇಟ್ ಆಫ್ ಫಾಲ್) ಎಂಬ ಅಂಕಿ. ಬಣ್ಣಕ್ಕಿಂತ ಇದು ಮುಖ್ಯ. ಹತ್ತು ಸೆಕೆಂಡಿನಲ್ಲಿ ಲೂರ್ ಎಷ್ಟು ಅಡಿ ಮುಳುಗುತ್ತದೆ ಎಂಬುದರ ಲೆಕ್ಕ ಅದು. 5 ಎಂದಿದ್ದರೆ ಸೆಕೆಂಡಿಗೆ ಅರ್ಧ ಅಡಿ, ಹತ್ತು ಅಡಿ ಆಳಕ್ಕೆ ಇಪ್ಪತ್ತು ಎಣಿಸಬೇಕು. 12 ಆದರೆ ಇಪ್ಪತ್ತೈದು ಅಡಿಗೆ ಇಪ್ಪತ್ತೊಂದು ಸೆಕೆಂಡ್. 16ರದ್ದು ಇನ್ನೂ ಆಳದ ನೀರಿಗೆ, ದೋಣಿ ಇರುವವರಿಗೆ. ದಪ್ಪ ಲೈನ್ ಕಟ್ಟಿದರೆ ಮುಳುಗುವ ವೇಗ ತಗ್ಗುತ್ತದೆ, ಹೆಚ್ಚುವರಿ ಗಾಳ ಸೇರಿಸಿದರೆ ಏರುತ್ತದೆ. ಆದ್ದರಿಂದ ಆಳ ಗೊತ್ತಿರುವ ಒಂದು ಜಾಗದಲ್ಲಿ ಎಸೆದು, ಲೈನ್ ಸಡಿಲ ಬೀಳುವ ತನಕ ಎಣಿಸಿ, ಬಂದ ಲೆಕ್ಕವನ್ನು ಡಬ್ಬಿಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಒಂದೇ ಕೊಳ್ಳುವುದಾದರೆ 12 ತೆಗೆದುಕೊಳ್ಳಿ. ಐದು ಅಡಿಯ ನೀರಿನಲ್ಲಿ ಅದನ್ನು ಎಳೆದಾಡಿ ಬೈಯುವವರು ಕೊಳ್ಳಬೇಕಿದ್ದದ್ದು 5ನ್ನು.

ಎಳೆಯುವ ವೇಗಕ್ಕೂ ಲೆಕ್ಕವಿದೆ. 5.3ರ ಗೇರ್ ಅನುಪಾತದ (ಹಿಡಿಯ ಒಂದು ಸುತ್ತಿಗೆ ಸುರುಳಿ 5.3 ಸುತ್ತು ತಿರುಗುವ), 300 ಅಥವಾ 400 ಅಳತೆಯ ಬೇಯ್ಟ್‌ಕಾಸ್ಟ್ ರೀಲ್ ಒಂದು ಸುತ್ತಿಗೆ ಸುಮಾರು ಎರಡು ಅಡಿ ಲೈನ್ ಎಳೆದುಕೊಳ್ಳುತ್ತದೆ. ಎರಡು ಸೆಕೆಂಡಿಗೆ ಒಂದು ಸುತ್ತು ಸಾಕು. ನೂರು ಅಡಿ ಎಸೆತ ವಾಪಸ್ ಬರಲು ಒಂದೂಮುಕ್ಕಾಲು ನಿಮಿಷ, ಮುಳುಗುವ ಹೊತ್ತು ಬೇರೆ. ಗಂಟೆಗೆ ಇಪ್ಪತ್ತೈದು ಮೂವತ್ತು ಎಸೆತ ದಾಟಿತೆಂದರೆ ವೇಗ ಜಾಸ್ತಿಯಾಗಿದೆ ಎಂದೇ ಅರ್ಥ. ಈ ಲೂರಿನ ಸೊಗಸೆಲ್ಲ ಬಾಲದಲ್ಲಿದೆ. ಅಗಲವಾದ ಆ ಬಾಲ ಇಷ್ಟು ನಿಧಾನದಲ್ಲೂ ಬಡಿಯುತ್ತದೆ, ಮೈ ಮಾತ್ರ ಅಲುಗುವುದಿಲ್ಲ. ನಿಜವಾದ ಟ್ರೌಟ್ ಆರಾಮಾಗಿ ಈಜುವುದೂ ಹಾಗೆಯೇ. ಜೋರಾಗಿ ಎಳೆದರೆ ಲೂರ್ ನೆಲ ಬಿಟ್ಟು ಮೇಲೇಳುತ್ತದೆ, ಬಾಲ ಒದರಾಡುತ್ತದೆ, ಹಿಂದೆ ಬಂದ ದೊಡ್ಡ ಮೀನು ಮುಖ ತಿರುಗಿಸಿ ಹೋಗುತ್ತದೆ. 7.1ರ ವೇಗದ ರೀಲ್ ಇದ್ದರೆ ಕೈ ತಾನಾಗಿ ಅವಸರ ಮಾಡುತ್ತದೆ, ಅದನ್ನು ಬೇರೆ ಕೆಲಸಕ್ಕಿಡಿ.

ದೋಣಿ ಇಲ್ಲದವರಿಗೆ ಒಂದು ಸಮಾಧಾನ. ದೋಣಿಯಿಂದ ದಡಕ್ಕೆ ಎಸೆದರೆ ಲೂರ್ ಇಳಿಜಾರಿನಲ್ಲಿ ಕೆಳಗೆ ಬರುತ್ತ ಒಂದೊಂದು ಸುತ್ತಿಗೂ ನೆಲದಿಂದ ದೂರವಾಗುತ್ತದೆ. ದಡದಿಂದ ಆಳಕ್ಕೆ ಎಸೆದರೆ ಇಳಿಜಾರು ಹತ್ತುತ್ತ ನೆಲವನ್ನು ಸವರಿಕೊಂಡೇ ಬರುತ್ತದೆ. ಅನುಭವಸ್ಥರು ಇದಕ್ಕಾಗಿಯೇ ದೋಣಿಯನ್ನು ದಡದ ಹತ್ತಿರ ಎರಡು ಲಂಗರು ಹಾಕಿ ನಿಲ್ಲಿಸಿ ಆಳದ ಕಡೆ ಎಸೆಯುತ್ತಾರೆ. ದಡದವರಿಗೆ ಅದು ಪುಕ್ಕಟೆ. ಗಾಳ ಬೆನ್ನ ಮೇಲಿರುವುದರಿಂದ ಕಲ್ಲಿಗೆ ಸಿಕ್ಕುವುದು ಕಡಿಮೆ, ಆದರೆ ಮುಳುಗಿದ ಮರದ ಕೊಂಬೆ ಬಿಡುವುದಿಲ್ಲ.

ರಾಡ್ ವಿಷಯದಲ್ಲಿ ರಾಜಿ ಬೇಡ. ಎಂಟು ಅಡಿ ಉದ್ದದ, ಆರು ಔನ್ಸ್‌ವರೆಗೆ ಎಸೆಯಬಲ್ಲೆ ಎಂದು ಬರೆದಿರುವ ಸ್ವಿಮ್‌ಬೇಯ್ಟ್ (ಈಜುವ ಮೀನಿನಾಕಾರದ ದೊಡ್ಡ ಲೂರ್) ರಾಡೇ ಆಗಬೇಕು. ಒಂದು ಔನ್ಸಿನ ರಾಡಿನಲ್ಲಿ ಇದನ್ನು ಬೀಸಿದರೆ ತುದಿ ಮುರಿಯುತ್ತದೆ. ಲೈನ್ 20ರಿಂದ 25 ಪೌಂಡಿನ ನೈಲಾನ್ ಅಥವಾ ಫ್ಲೋರೋಕಾರ್ಬನ್. ಎಸೆಯುವಾಗ ಲೂರನ್ನು ರಾಡಿನ ತುದಿಯಿಂದ ಎರಡು ಮೂರು ಅಡಿ ಇಳಿಬಿಟ್ಟು, ಎರಡೂ ಕೈಯಿಂದ ಕವಣೆ ಬೀಸುವಂತೆ ಸಾವಕಾಶವಾಗಿ ತೇಲಿಸಿ ಬಿಡಬೇಕು. ಝಾಡಿಸಿದಿರೋ, ರೀಲಿನಲ್ಲಿ ಲೈನ್ ಗೋಜಲಾಗಿ ಪಟ್ಟನೆ ಹರಿದು, ದುಬಾರಿ ಟ್ರೌಟ್ ಒಂದೇ ಆಗಸಕ್ಕೆ ಹಾರುತ್ತದೆ. ಹತ್ತಿಪ್ಪತ್ತು ಎಸೆತಕ್ಕೊಮ್ಮೆ ಕೊನೆಯ ಮೂರು ಅಡಿಯನ್ನು ಬೆರಳಲ್ಲಿ ಸವರಿ ನೋಡಿ, ಒರಟು ಸಿಕ್ಕರೆ ಕತ್ತರಿಸಿ ಹೊಸ ಗಂಟು ಹಾಕಿ.

ಊರಿನ ಕೆರೆಯಲ್ಲಿ ಅಂತರಗಂಗೆ ನಡುವೆ ಕಪ್ಪೆ ಲೂರ್ ಎಸೆದು ಕೊರವ ಹಿಡಿದವರ ಕೈ ಇಲ್ಲಿ ತಪ್ಪುವುದು ಒಂದೇ ಕಡೆ: ಮೀನು ಮುಟ್ಟಿದಾಗ ರಾಡನ್ನು ಮೇಲಕ್ಕೆ ಸೆಳೆಯುವುದರಲ್ಲಿ. ದೊಡ್ಡ ಬಾಸ್ ಹಿಂದಿನಿಂದ ಬಂದು ಟಕ್ ಎಂದು ತಟ್ಟಿ ನೋಡುವುದುಂಟು. ಆಗ ಸೆಳೆದರೆ ಲೂರ್ ಬಾಯಿಯಿಂದ ಜಾರುತ್ತದೆ. ಅದೇ ವೇಗದಲ್ಲಿ ಸುತ್ತುತ್ತಲೇ ಇದ್ದು, ಭಾರ ಬಿದ್ದ ಮೇಲೆ ಇನ್ನೆರಡು ಸುತ್ತು ಬಿಗಿದು, ರಾಡನ್ನು ಪಕ್ಕಕ್ಕೆ ಉದ್ದಕ್ಕೆ ಎಳೆಯಿರಿ. ಗಾಳ ದಪ್ಪ, ನೈಲಾನ್ ಹಿಗ್ಗುತ್ತದೆ, ಡ್ರ್ಯಾಗ್ (ಮೀನು ಎಳೆದಾಗ ಲೈನ್ ಬಿಟ್ಟುಕೊಡುವ ರೀಲಿನ ತಡೆ) ಪೂರ್ತಿ ಬಿಗಿಯಾಗಿರದಿದ್ದರೆ ಮುಳ್ಳು ಇಳಿಯುವುದಿಲ್ಲ.

ಬರೀ ಬಾಲ ಕಚ್ಚಿ ಬಿಟ್ಟುಹೋಗುವ ಮೀನಿಗೆ ಮೂರು ಮುಳ್ಳಿನ ಇನ್ನೊಂದು ಗಾಳ ಸೇರಿಸುವ ರೂಢಿ ಇದೆ. 1/0 ಅಳತೆ ಸಾಕು. ಮುಖ್ಯ ಗಾಳಕ್ಕೆ ಕಟ್ಟಿದ ಗಟ್ಟಿ ತಂತಿಯ ತುದಿಯಲ್ಲಿ ಅದನ್ನು ಜೋಡಿಸಿ, ಒಂದು ಮುಳ್ಳನ್ನು ಮೈಗೆ ಚುಚ್ಚಿ ನಿಲ್ಲಿಸಬೇಕು. ತಂತಿ ಬಿಗಿಯಾದರೆ ಮೈ ಬಾಗಿ ಲೂರ್ ಒಂದು ಕಡೆ ವಾಲುತ್ತದೆ. ಬೆರಳಗಲ ಸಡಿಲ ಬಿಡಿ. ದಡದ ಹತ್ತಿರ ಸ್ಪಷ್ಟ ನೀರಿನಲ್ಲಿ ಎಳೆದು ನೋಡಿ, ನೆಟ್ಟಗೆ ಈಜಿದರೆ ಮಾತ್ರ ಆಳಕ್ಕೆ ಕಳಿಸಿ.

ಇದರ ದೊಡ್ಡ ದೌರ್ಬಲ್ಯ ಬಾಳಿಕೆ. ಮೆತ್ತಗಿರುವುದರಿಂದಲೇ ಚೆನ್ನಾಗಿ ಈಜುತ್ತದೆ, ಮೆತ್ತಗಿರುವುದರಿಂದಲೇ ಗಾಳದ ಬುಡದಲ್ಲಿ ಹರಿಯುತ್ತದೆ. ನಾಲ್ಕೈದು ಒಳ್ಳೆ ಮೀನು ಸಿಕ್ಕರೆ ಹೊಲಿಗೆ ಬಿಟ್ಟ ಚಪ್ಪಲಿಯಂತಾಗುತ್ತದೆ. ಮೆತ್ತನೆ ಪ್ಲಾಸ್ಟಿಕ್ಕಿಗೆಂದೇ ಬರುವ, ಅಂಚನ್ನು ಕರಗಿಸಿ ಬೆಸೆಯುವ ಅಂಟು ಹಚ್ಚಿ, ಒತ್ತಿ ಹಿಡಿದು, ಒಂದು ರಾತ್ರಿ ಒಣಗಿಸಿದರೆ ಮತ್ತೆ ಕೆಲಸ ಮಾಡುತ್ತದೆ. ಸೂಪರ್ ಗ್ಲೂ ಗಡುಸಾಗಿ ಪಕ್ಕದಲ್ಲೇ ಮತ್ತೆ ಹರಿಯುತ್ತದೆ. ಬಾಲ ಸೊಟ್ಟಗಾಗಿದ್ದರೆ ಬಿಸಿ ನೀರಿನಲ್ಲಿ ಅರ್ಧ ನಿಮಿಷ ಅದ್ದಿ, ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿ. ಮೂಲ ಪೊಟ್ಟಣವನ್ನು ಎಸೆಯಬೇಡಿ, ಬಾಲ ಮಡಚದಂತೆ ಹಿಡಿದಿಡುವುದು ಅದೇ. ಬೇರೆ ಬಗೆಯ ರಬ್ಬರ್ ಹುಳುಗಳ ಜೊತೆ ಒಂದೇ ಡಬ್ಬಿಯಲ್ಲಿಟ್ಟರೆ ಎರಡೂ ಕರಗಿ ಅಂಟಿಕೊಳ್ಳಬಹುದು. ಬೇಸಿಗೆಯಲ್ಲಿ ಕಾರಿನ ಡಿಕ್ಕಿ ಕೂಡ ಇದಕ್ಕೆ ಜಾಗವಲ್ಲ.

ಕೊಳ್ಳುವ ಹೊತ್ತು ಚಳಿಗಾಲದ ಕೊನೆ. ನೀರು 15 ಡಿಗ್ರಿ ಸೆಲ್ಸಿಯಸ್ ಮುಟ್ಟುವ ಮುಂಚೆ, ಮೊಟ್ಟೆ ಹೊತ್ತ ಹೆಣ್ಣು ಬಾಸ್ ವರ್ಷದಲ್ಲೇ ಅತಿ ಹೆಚ್ಚು ತೂಕವಿರುತ್ತದೆ. ಟ್ರೌಟ್ ಬಿಡುವುದೂ ಆಗಲೇ. ಟ್ರೌಟ್ ಬಿಡುವುದು ನಿಂತು ನೀರು ಬಿಸಿಯಾದ ಮೇಲೆ ಇದನ್ನು ಎಸೆಯುವುದು ಹೆಚ್ಚಾಗಿ ತೋಳಿನ ವ್ಯಾಯಾಮ. ಬಿಸಿಲಿನ ತಿಂಗಳಲ್ಲಿ ಅಗ್ಗದ ರಬ್ಬರ್ ಹುಳು ಇದಕ್ಕಿಂತ ಹೆಚ್ಚು ಮೀನು ಕೊಡುತ್ತದೆ, ದೊಡ್ಡವನ್ನೂ ಕೊಡುತ್ತದೆ. ಜಪಾನಿನ ಬೀವಾ ಸರೋವರದಲ್ಲಿ 2009ರಲ್ಲಿ ಸಿಕ್ಕು, ಜಾರ್ಜಿಯಾದಲ್ಲಿ 1932ರಲ್ಲಿ ಆದ ಲಾರ್ಜ್‌ಮೌತ್ ಬಾಸ್ ವಿಶ್ವ ದಾಖಲೆಯನ್ನು ಸರಿಗಟ್ಟಿದ 10.12 ಕಿಲೋ ಮೀನು ಕಚ್ಚಿದ್ದು ಜೀವಂತ ಬ್ಲೂಗಿಲ್ ಅನ್ನು, ಲೂರನ್ನಲ್ಲ. ತೂಕದಲ್ಲಿ ಅದು ಒಂದು ಔನ್ಸಿನಷ್ಟು ಮುಂದಿತ್ತು, ಆದರೆ ಹೊಸ ದಾಖಲೆಗೆ ಎರಡು ಔನ್ಸ್ ಹೆಚ್ಚಿರಬೇಕೆಂಬ ನಿಯಮದಿಂದಾಗಿ ಸಮಬಲ ಎಂದೇ ಬರೆದುಕೊಂಡರು.

ಎರಡು ಬಣ್ಣ ಕೊಳ್ಳುವ ಆಸೆಯಾದರೆ ತಡೆದುಕೊಂಡು, ಆ ದುಡ್ಡಿಗೆ ರಬ್ಬರ್ ಬಲೆಯ ದೊಡ್ಡ ನೆಟ್ ತನ್ನಿ. ಹತ್ತು ಪೌಂಡಿನ ಮೀನನ್ನು ಕೆಳದವಡೆ ಹಿಡಿದು ಅಡ್ಡಲಾಗಿ ಬಾಗಿಸಿದರೆ ದವಡೆ ಕೀಲು ಜಾರುತ್ತದೆ. ಒದ್ದೆ ಕೈಯನ್ನು ಹೊಟ್ಟೆಯ ಕೆಳಗೆ ಕೊಟ್ಟು, ಬಲೆಯೊಳಗೇ ತೂಗಿ, ಬಲೆಯ ತೂಕ ಕಳೆದು, ಅಲ್ಲೇ ನೀರಿಗೆ ಬಿಡಿ.