ಹಂಪನಕಟ್ಟೆಯ ಎರಡನೇ ಮಹಡಿಯ ಪೈಥಾನ್ ಮೇಷ್ಟ್ರು

ಮಂಗಳೂರಿನ ಹಂಪನಕಟ್ಟೆಯ ಹಳೆಯ ಕಟ್ಟಡ, ಲಿಫ್ಟ್ ಇಲ್ಲ, ಗಂಟೆಗೆ 500 ರೂಪಾಯಿ. ಫಲಕದಲ್ಲಿ ‘ಕಂಪ್ಯೂಟರ್ ಟ್ಯೂಷನ್’ ಎಂದಷ್ಟೇ ಇದೆ. ಮೂರು ರಾತ್ರಿ ನಿದ್ದೆಗೆಟ್ಟ ಮೇಲೆ ಮಗಳ ಒತ್ತಾಯಕ್ಕೆ ಹೋದೆ.

ಮೀನು ಇಳಿಸುವ ದಕ್ಕೆಯಲ್ಲಿ ನಾನೇ ತೆಗೆದ ಫೋಟೊಗಳಿಂದ ಮೀನು ಗುರುತಿಸಲು, ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಯಂತ್ರಕಲಿಕೆ ಸಲಕರಣೆ ಪೈಟಾರ್ಚ್‌ನಲ್ಲಿ ಕಟ್ಟಿದ ಮಾದರಿ ನನ್ನದು: ಬಂಗುಡೆ, ಬೂತಾಯಿ, ಅಂಜಲ್, ಮಾಂಜಿ, ಕಾಣೆ. ತರಬೇತಿ ಶುರುವಾದೊಡನೆ ‘ಡಿವೈಸ್-ಸೈಡ್ ಅಸರ್ಟ್ ಟ್ರಿಗರ್ಡ್’ (ಗ್ರಾಫಿಕ್ಸ್ ಚಿಪ್ ಜಿಪಿಯುವಿನೊಳಗಿನ ತಪಾಸಣೆ ವಿಫಲ) ಎಂದು ಮುಗ್ಗರಿಸುತ್ತಿತ್ತು. ಅದು ಬೊಟ್ಟು ಮಾಡಿದ ಸಾಲಿನಲ್ಲಿ ತಪ್ಪೇ ಇರಲಿಲ್ಲ.

ಮೇಷ್ಟ್ರು ಕೋಡ್ ಓದಲೇ ಇಲ್ಲ. ‘ಜಿಪಿಯು ಬಿಡಿ, ಕಂಪ್ಯೂಟರಿನ ಮುಖ್ಯ ಚಿಪ್ ಸಿಪಿಯುವಿನಲ್ಲಿ ಓಡಿಸಿ’ ಎಂದರು. ಜಿಪಿಯುವಿಗೆ ಕೆಲಸ ಒಪ್ಪಿಸಿದ ಪೈಥಾನ್, ಅದು ಮುಗಿಯುವವರೆಗೂ ಕಾಯದೇ ಮುಂದಿನ ಸಾಲಿಗೆ ಹೋಗಿಬಿಟ್ಟಿರುತ್ತದೆ. ಆದ್ದರಿಂದ ತೋರಿಸುವ ಸಾಲನ್ನು ನಂಬುವಂತಿಲ್ಲವಂತೆ. ಸಿಪಿಯುವಿನಲ್ಲಿ ಉತ್ತರ ನೆಟ್ಟಗೆ ಬಂತು: ಲೇಬಲ್ 5 ಮಿತಿಯ ಹೊರಗಿದೆ. ನಾನು ಮೀನುಗಳಿಗೆ ಲೇಬಲ್ ಆಗಿ 1ರಿಂದ 5ರವರೆಗೆ ಸಂಖ್ಯೆ ಕೊಟ್ಟಿದ್ದೆ, ಬೇಕಿದ್ದದ್ದು 0ಯಿಂದ 4. ಐದನೆಯದಾದ ಕಾಣೆಗೆ ಜಾಗವೇ ಕಾಣೆ!

‘ಆದರೆ ಲೇಬಲ್ ಪರೀಕ್ಷಿಸಲು ನಾನೇ ಅಸರ್ಟ್ ಎಂಬ ತಪಾಸಣೆ ಸಾಲು ಹಾಕಿದ್ದೆನಲ್ಲ ಸರ್?’ ಎಂದೆ. ಅವರು ನಕ್ಕು ಆವರಣ ಚಿಹ್ನೆಯತ್ತ ಪೆನ್ಸಿಲ್ ತೋರಿಸಿದರು. ತಪಾಸಣೆಯ ಷರತ್ತು, ಅದು ತಪ್ಪಿದರೆ ತೋರಿಸಬೇಕಾದ ಸಂದೇಶ ಎರಡನ್ನೂ ಒಂದೇ ಆವರಣದೊಳಗೆ ಸೇರಿಸಿದ್ದೆ. ಅದು ಟ್ಯೂಪಲ್ (ಹಲವು ಮೌಲ್ಯಗಳ ಗುಂಪು) ಆಗುತ್ತದೆ; ಖಾಲಿಯಲ್ಲದ ಟ್ಯೂಪಲ್ ಪೈಥಾನ್‌ಗೆ ಸದಾ ಸತ್ಯ, ಹಾಗಾಗಿ ನನ್ನ ಅಸರ್ಟ್ ಎಂದೂ ತಡೆಯುತ್ತಿರಲಿಲ್ಲ. ಪೈಥಾನ್ ಎಚ್ಚರಿಕೆಯನ್ನೂ ಕೊಟ್ಟಿತ್ತು, ನಾನು ಓದಿರಲಿಲ್ಲ.

ಇಷ್ಟಕ್ಕೆ ಹಿಡಿದದ್ದು ಇಪ್ಪತ್ತು ನಿಮಿಷ. ಹಣ ಮಾತ್ರ ಪೂರ್ತಿ ಗಂಟೆಯದು. ಹೊಸಬರಿಗೆ ಮೊದಲಿನಿಂದ ಕಲಿಸುವ ತಾಳ್ಮೆ ಅವರಿಗಿಲ್ಲ, ಫ್ಯಾನ್ ಸದ್ದಿನಲ್ಲಿ ಅರ್ಧ ಮಾತು ಕೇಳಿಸುವುದೂ ಇಲ್ಲ. ಕೋಡ್‌ನಲ್ಲಿ ಸಿಕ್ಕಿಕೊಂಡವರು ಧೈರ್ಯವಾಗಿ ಹೋಗಬಹುದು. ನಗದು ಒಯ್ಯಿರಿ, ಯುಪಿಐ ಇಲ್ಲ.