‘ಲಿಂಕ್ ಎಲ್ಲೂ ಕೊಟ್ಟಿಲ್ಲ, ಯಾರಿಗೂ ಕಾಣುವುದಿಲ್ಲ ಸರ್’ ಎಂಬ ಮಾತನ್ನು ದಯವಿಟ್ಟು ನಂಬಬೇಡಿ

ಸಂಘ, ಟ್ರಸ್ಟ್, ಶಾಲೆ, ಸಹಕಾರ ಸಂಘಗಳ ಪರವಾಗಿ ವೆಬ್‌ಸೈಟ್ ಮಾಡಿಸುತ್ತಿರುವ ಪ್ರತಿಯೊಬ್ಬರೂ ಇದನ್ನು ಪೂರ್ತಿಯಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಇನ್ನೂ ಸಿದ್ಧವಾಗದ ಪುಟವೊಂದನ್ನು ಅಂತರ್ಜಾಲದಲ್ಲಿ ಇರಿಸಿ, ಇದಕ್ಕೆ ಎಲ್ಲಿಂದಲೂ ಲಿಂಕ್ ಇಲ್ಲ, ವಿಳಾಸ ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ ಎಂದು ನಿಮ್ಮ ಡಿಸೈನರ್ ಹೇಳಿದರೆ, ಆ ಕ್ಷಣವೇ ಆ ಪುಟವನ್ನು ತೆಗೆಸಿ. ಶಿವಮೊಗ್ಗ ಜಿಲ್ಲೆಯ ನಮ್ಮ ಸಣ್ಣ ಸಾಹಿತ್ಯ ಸಂಘಕ್ಕೆ ಈ ಒಂದು ಮಾತಿನಿಂದ ಆಗಿರುವ ಅವಮಾನ ಇನ್ನೊಂದು ಸಂಘಕ್ಕೆ ಆಗಬಾರದು.

ರಾಜ್ಯೋತ್ಸವದ ಅಂಗವಾಗಿ ನಾವು ಕಥಾಸ್ಪರ್ಧೆ ನಡೆಸುತ್ತೇವೆ. ಬಂದ ಕಥೆಗಳಿಂದ ಲೇಖಕರ ಹೆಸರು ತೆಗೆದು, ಸಂಖ್ಯೆ ಹಾಕಿ, ಆ ಸಂಖ್ಯೆಯಷ್ಟೇ ಕಾಣುವಂತೆ ನಿರ್ಣಾಯಕರಿಗೆ ಕಳುಹಿಸುವುದು ನಮ್ಮ ಕ್ರಮ. ಯಾರ ಕಥೆ ಯಾವುದು ಎಂಬುದು ನಿರ್ಣಾಯಕರಿಗೆ ಕೊನೆಯವರೆಗೂ ತಿಳಿಯುವುದಿಲ್ಲ. ಇಷ್ಟು ಕಟ್ಟುನಿಟ್ಟಾಗಿ ನಡೆಯುವ ಸ್ಪರ್ಧೆಯ ಫಲಿತಾಂಶದ ಪುಟವನ್ನು ಮೊದಲೇ ವಿನ್ಯಾಸ ಮಾಡಿಟ್ಟುಕೊಳ್ಳೋಣ ಎಂದು ಡಿಸೈನರ್ ಸೂಚಿಸಿದರು. ‘ಹೊರಗಿನವರು ಇದನ್ನು ನೋಡುವ ಸಾಧ್ಯತೆ ಇದೆಯೇ?’ ಎಂದು ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಎಲ್ಲರ ಮುಂದೆ ನಾನೇ ಕೇಳಿದ್ದೆ. ‘ಇಲ್ಲ ಸರ್, ಮೆನುವಿನಲ್ಲಿ ಹಾಕಿಲ್ಲ, ಲಿಂಕ್ ಎಲ್ಲೂ ಕೊಟ್ಟಿಲ್ಲ, ಯಾರಿಗೂ ಕಾಣುವುದಿಲ್ಲ’ ಎಂಬ ಉತ್ತರ ಬಂತು. ಆ ಉತ್ತರ ಸಭೆಯ ನಡಾವಳಿಯಲ್ಲಿ ದಾಖಲಾಗಿದೆ.

ಅವರು ನಮಗೆ ಹೇಳದೇ ಹೋದ ಸಂಗತಿ ಇನ್ನೊಂದಿತ್ತು. ಪುಟ ಹೇಗೆ ಕಾಣುತ್ತದೆ ಎಂದು ನೋಡುವುದಕ್ಕೆ ‘ಹೆಸರು ಒಂದು’, ‘ಹೆಸರು ಎರಡು’ ಎಂದು ತುಂಬಬಹುದಾಗಿದ್ದ ಜಾಗಗಳಲ್ಲಿ, ನಾವು ಕೊಟ್ಟಿದ್ದ ಸ್ಪರ್ಧಿಗಳ ಪಟ್ಟಿಯಿಂದಲೇ ಮೇಲಿನ ಕೆಲವು ಹೆಸರುಗಳನ್ನು ಎತ್ತಿ ಹಾಕಿದ್ದರು. ಪಟ್ಟಿ ಅಕಾರಾದಿಯಲ್ಲಿತ್ತು. ಹಾಗಾಗಿ ಅದರಲ್ಲಿ ಮೊದಲು ಬಂದ ಹೆಸರಿನ ಪಕ್ಕದಲ್ಲಿ ‘ಪ್ರಥಮ ಬಹುಮಾನ’ ಎಂದು ಬಿದ್ದಿತ್ತು.

ಆ ಹೆಸರಿನವರು ನಿವೃತ್ತ ಶಿಕ್ಷಕಿ. ನಿರ್ಣಾಯಕರು ಕಥೆಗಳನ್ನು ಇನ್ನೂ ಓದುತ್ತಿದ್ದಾಗಲೇ ಒಂದು ಬೆಳಿಗ್ಗೆ ಅವರು ನನಗೆ ಫೋನ್ ಮಾಡಿ ಧನ್ಯವಾದ ಹೇಳಿದರು. ‘ಅಮೆರಿಕದಲ್ಲಿರುವ ಮಗ ನನ್ನ ಹೆಸರನ್ನು ಗೂಗಲ್‌ನಲ್ಲಿ ಹುಡುಕಿದನಂತೆ ಸರ್, ನಿಮ್ಮ ಸಂಘದ ಪುಟವೇ ಮೊದಲು ಬಂತಂತೆ’ ಎಂದರು. ಸ್ಕ್ರೀನ್‌ಶಾಟ್ ಅಷ್ಟರಲ್ಲಿ ಅವರ ಬಂಧುಗಳ ವಾಟ್ಸಾಪ್ ಗುಂಪನ್ನೆಲ್ಲ ಸುತ್ತಿ ಬಂದಿತ್ತು. ‘ಮೇಡಂ, ಅದು ನಿಜವಾದ ಫಲಿತಾಂಶವಲ್ಲ, ಮಾದರಿಗೆಂದು ಹಾಕಿದ ಹೆಸರು’ ಎಂದು ಆ ಹಿರಿಯರಿಗೆ ನಾನು ಹೇಳಬೇಕಾಯಿತು. ಅವರು ಬಹಳ ಹೊತ್ತು ಏನೂ ಮಾತನಾಡಲಿಲ್ಲ. ಆಮೇಲೆ ‘ಇರಲಿ ಬಿಡಿ’ ಎಂದಷ್ಟೇ ಹೇಳಿ ಫೋನ್ ಇಟ್ಟರು. ಅದೇ ಪುಟವನ್ನು ನೋಡಿದ ಬೇರೆ ಸ್ಪರ್ಧಿಗಳು ಸುಮ್ಮನಿರಲಿಲ್ಲ. ಕಥೆ ಓದುವ ಮೊದಲೇ ಬಹುಮಾನ ಹಂಚಿಕೊಂಡಿದ್ದೀರಿ, ಸಂಖ್ಯೆ ಹಾಕುವುದೆಲ್ಲ ನಾಟಕ ಎಂದು ಬರೆದರು. ನಿರ್ಣಾಯಕರಲ್ಲಿ ಒಬ್ಬರು, ತಮ್ಮ ಹೆಸರನ್ನು ಈ ಗೊಂದಲಕ್ಕೆ ಎಳೆದುದಕ್ಕೆ ಬೇಸರಿಸಿ, ಮುಂದಿನ ವರ್ಷ ತಮ್ಮನ್ನು ಕರೆಯಬೇಡಿ ಎಂದರು.

ಡಿಸೈನರ್ ಕೊಟ್ಟ ಉತ್ತರಗಳನ್ನು ಒಂದೊಂದಾಗಿ ಹೇಳುತ್ತೇನೆ, ಏಕೆಂದರೆ ನಿಮಗೂ ಇವೇ ಉತ್ತರಗಳು ಬರಬಹುದು. ಮೊದಲು, ‘ಗೂಗಲ್ ಹೇಗೋ ಹುಡುಕಿಬಿಟ್ಟಿದೆ, ಅದು ನಮ್ಮ ಕೈಯಲ್ಲಿಲ್ಲ’ ಎಂದರು. ಇದು ಶುದ್ಧ ಸುಳ್ಳು. ನಮ್ಮ ಸೈಟ್ ಇರುವುದು ವರ್ಡ್‌ಪ್ರೆಸ್ ಎಂಬ, ವೆಬ್‌ಸೈಟ್ ಕಟ್ಟುವ ತಂತ್ರಾಂಶದಲ್ಲಿ. 2020ರಲ್ಲಿ ಬಂದ 5.5ನೇ ಆವೃತ್ತಿಯಿಂದ ವರ್ಡ್‌ಪ್ರೆಸ್ ತಾನಾಗಿಯೇ ಸೈಟ್‌ಮ್ಯಾಪ್ ಒಂದನ್ನು ತಯಾರಿಸುತ್ತದೆ; ‘ಪ್ರಕಟಿಸು’ ಎಂದು ಒತ್ತಿದ ಪುಟಗಳ ವಿಳಾಸಗಳೆಲ್ಲ, ಮೆನುವಿನಲ್ಲಿ ಇರಲಿ ಬಿಡಲಿ, ಅದರಲ್ಲಿ ಸೇರುತ್ತವೆ. ಆ ಸೈಟ್‌ಮ್ಯಾಪ್ ಇರುವುದೇ ಹುಡುಕಾಟದ ಯಂತ್ರಗಳಿಗೆ ಓದಲೆಂದು. ಪುಟವನ್ನು ‘ಡ್ರಾಫ್ಟ್’ ಆಗಿಯೇ ಉಳಿಸಿದ್ದರೆ ಲಾಗಿನ್ ಇಲ್ಲದವರಿಗೆ ಅದು ತೆರೆಯುತ್ತಲೇ ಇರಲಿಲ್ಲ. ಸಮಿತಿಯವರಿಗೆಲ್ಲ ಲಾಗಿನ್ ಕೊಡುವ ತೊಂದರೆ ತಪ್ಪಲೆಂದು ಅವರು ಅದನ್ನು ಪ್ರಕಟಿಸಿ, ವಿಳಾಸ ಮಾತ್ರ ಗುಟ್ಟಾಗಿದೆ ಎಂದು ನಮಗೆ ಹೇಳಿದ್ದರು. ಆ ಗುಟ್ಟನ್ನು ಅವರದೇ ಸೈಟ್‌ಮ್ಯಾಪ್ ಜಗತ್ತಿಗೆಲ್ಲ ಹೇಳುತ್ತಿತ್ತು!

ಎರಡನೆಯ ಉತ್ತರ ಇದಕ್ಕಿಂತ ಕೆಟ್ಟದ್ದು. ‘ರೋಬಾಟ್ಸ್ ಫೈಲಿನಲ್ಲಿ ಬ್ಲಾಕ್ ಮಾಡಿದ್ದೇನೆ ಸರ್, ನೋಇಂಡೆಕ್ಸ್ ಕೂಡ ಹಾಕಿದ್ದೇನೆ, ಇನ್ನು ಚಿಂತೆ ಬೇಡ’ ಎಂದು ಬಹಳ ಆತ್ಮವಿಶ್ವಾಸದಿಂದ ಹೇಳಿದರು. ಆದರೂ ಹುಡುಕಿದಾಗ ಪುಟದ ವಿಳಾಸ ಬರುತ್ತಲೇ ಇತ್ತು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮ ಸದಸ್ಯರೊಬ್ಬರ ಮಗಳು ಅದನ್ನು ನೋಡಿ, ಈ ಎರಡನ್ನು ಒಟ್ಟಿಗೆ ಹಾಕಿದ್ದೇ ತಪ್ಪು ಎಂದು ವಿವರಿಸಿದರು. ರೋಬಾಟ್ಸ್ ಫೈಲು ‘ಈ ಪುಟವನ್ನು ಓದಬೇಡ’ ಎಂದು ಯಂತ್ರಕ್ಕೆ ಕೇಳಿಕೊಳ್ಳುತ್ತದೆ. ‘ಈ ಪುಟವನ್ನು ಫಲಿತಾಂಶದಲ್ಲಿ ತೋರಿಸಬೇಡ’ ಎಂಬ ನೋಇಂಡೆಕ್ಸ್ ಸೂಚನೆ ಇರುವುದು ಪುಟದ ಒಳಗೆ. ಓದುವುದನ್ನೇ ತಡೆದ ಮೇಲೆ ಒಳಗಿನ ಸೂಚನೆ ಯಂತ್ರಕ್ಕೆ ಕಾಣುವುದಾದರೂ ಹೇಗೆ? ಮೇಲಾಗಿ ರೋಬಾಟ್ಸ್ ಫೈಲನ್ನು ಯಾರು ಬೇಕಾದರೂ ತೆರೆದು ಓದಬಹುದು, ಮತ್ತು ಆ ಪುಟದ ಪೂರ್ತಿ ವಿಳಾಸವನ್ನು ಇವರು ಅದರಲ್ಲಿ ಬರೆದಿಟ್ಟಿದ್ದರು. 1994ರಿಂದ ರೂಢಿಯಲ್ಲಿದ್ದ ಈ ಪದ್ಧತಿ 2022ರಲ್ಲಿ ಆರ್‌ಎಫ್‌ಸಿ 9309 ಎಂಬ, ಅಂತರ್ಜಾಲದ ಮಾನದಂಡಗಳ ಅಧಿಕೃತ ದಾಖಲೆಯಾಯಿತು. ಈ ನಿಯಮಗಳು ಪ್ರವೇಶವನ್ನು ನಿಯಂತ್ರಿಸುವ ವ್ಯವಸ್ಥೆ ಅಲ್ಲ ಎಂದು ಅದರಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ಹಣ ಪಡೆದು ಈ ಕೆಲಸ ಮಾಡುವವರಿಗೆ ಇಷ್ಟು ತಿಳಿದಿರಬೇಡವೇ?

ನಂತರ ಪುಟವನ್ನು ಅಳಿಸಿದ್ದಾಗಿ ಹೇಳಿದರು. ಪುಟ ಹೋಗಿತ್ತು, ಆದರೆ ಅದರೊಂದಿಗೆ ಏರಿಸಿದ್ದ ಪ್ರಶಸ್ತಿಪತ್ರದ ಮಾದರಿ ಪಿಡಿಎಫ್, ಅದೇ ಶಿಕ್ಷಕಿಯ ಹೆಸರಿನೊಂದಿಗೆ, ಅಪ್‌ಲೋಡ್ ಫೋಲ್ಡರಿನಲ್ಲಿ ಹಾಗೆಯೇ ಉಳಿದಿತ್ತು. ಪುಟ ಅಳಿಸಿದರೆ ಅದಕ್ಕೆ ಸೇರಿಸಿದ ಕಡತ ಅಳಿಯುವುದಿಲ್ಲ. ಪಿಡಿಎಫ್‌ಗೆ ಪುಟದಂತೆ ಒಳಗೆ ನೋಇಂಡೆಕ್ಸ್ ಟ್ಯಾಗ್ ಬರೆಯಲೂ ಆಗುವುದಿಲ್ಲ, ಕಡತದ ಜೊತೆಗೆ ಸರ್ವರ್ ಕಳುಹಿಸುವ ಹೆಡರ್ ಎಂಬ ಸೂಚನಾ ಸಾಲುಗಳಲ್ಲಿಯೇ ಅದನ್ನು ಹೇಳಬೇಕು. ಇದನ್ನೂ ನಾವೇ ಕಂಡುಹಿಡಿದು ಹೇಳಬೇಕಾಯಿತು.

ಗೂಗಲ್‌ನಿಂದ ಬೇಗ ತೆಗೆಸಿಕೊಡಿ ಎಂದು ಕೇಳಿದಾಗ ಬಂದ ಉತ್ತರವನ್ನು ನಾನು ಮರೆಯಲಾರೆ. ‘ಅದು ವಾರ್ಷಿಕ ನಿರ್ವಹಣೆಯ ಒಪ್ಪಂದದಲ್ಲಿ ಬರುವುದಿಲ್ಲ ಸರ್, ಪ್ರತ್ಯೇಕ ಚಾರ್ಜ್ ಆಗುತ್ತದೆ.’ ತಾವೇ ಹೊರಗೆ ಬಿಟ್ಟ ಪುಟವನ್ನು ಒಳಗೆ ಎಳೆದುಕೊಳ್ಳುವುದಕ್ಕೆ ನಮ್ಮಿಂದಲೇ ಹಣ! ನಮ್ಮ ಸೈಟಿನ ಸರ್ಚ್ ಕನ್ಸೋಲ್ ಖಾತೆ (ಗೂಗಲ್ ಹುಡುಕಾಟದಲ್ಲಿ ತಮ್ಮ ಸೈಟ್ ಹೇಗೆ ಕಾಣುತ್ತದೆ ಎಂಬುದನ್ನು ಮಾಲೀಕರು ನೋಡಿಕೊಳ್ಳುವ ಗೂಗಲ್‌ನ ಸೌಲಭ್ಯ) ಅವರ ಹೆಸರಿನಲ್ಲಿದೆ ಎಂಬುದು ಆಗಲೇ ನಮಗೆ ತಿಳಿದದ್ದು. ಆ ಖಾತೆಯಿಂದ ಮಾಲೀಕರು ಕೋರಿದರೆ ಪುಟವೊಂದನ್ನು ಸುಮಾರು ಆರು ತಿಂಗಳು ಫಲಿತಾಂಶದಿಂದ ಮರೆಮಾಡಬಹುದು, ಅಷ್ಟರೊಳಗೆ ಪುಟವನ್ನು ನಿಜವಾಗಿ ತೆಗೆದಿರಬೇಕು. ಅವರ ಹಂಗಿಲ್ಲದೆಯೂ ಒಂದು ದಾರಿ ಇತ್ತು. ಪುಟ ಈಗಾಗಲೇ ಅಳಿದಿದ್ದು ಫಲಿತಾಂಶದಲ್ಲಿ ಮಾತ್ರ ಉಳಿದಿದ್ದರೆ, ಹಳೆಯ ಮಾಹಿತಿಯನ್ನು ತೆಗೆಯಲು ಗೂಗಲ್ ಇಟ್ಟಿರುವ ಸೌಲಭ್ಯದಲ್ಲಿ ಯಾರು ಬೇಕಾದರೂ ಉಚಿತವಾಗಿ ಕೋರಿಕೆ ಸಲ್ಲಿಸಬಹುದು. ನಾವು ಹಾಗೆಯೇ ತೆಗೆಸಿದೆವು. ಡಿಸೈನರ್ ಇದರ ಬಗ್ಗೆ ಒಂದು ಮಾತನ್ನೂ ಹೇಳಿರಲಿಲ್ಲ.

ಕೊನೆಗೆ ಅವರು ಮುಂದಿಟ್ಟ ಪರಿಹಾರವೂ ಅದೇ ಜಾತಿಯದು. ‘ಇನ್ನು ಮುಂದೆ ಕರಡು ಪುಟಗಳನ್ನೆಲ್ಲ ಬೇರೆ ಸಬ್‌ಡೊಮೇನ್‌ನಲ್ಲಿ ಇಡುತ್ತೇನೆ, ಆ ಹೆಸರು ಯಾರಿಗೂ ಗೊತ್ತಾಗುವುದಿಲ್ಲ’ ಎಂದರು. ಸಬ್‌ಡೊಮೇನ್ ಎಂದರೆ ಸೈಟಿನ ವಿಳಾಸದ ಮುಂದೆ ಇನ್ನೊಂದು ಹೆಸರು ಸೇರಿಸಿ ಮಾಡಿದ ವಿಳಾಸ. ಮತ್ತೆ ಅದೇ ‘ಯಾರಿಗೂ ಗೊತ್ತಾಗುವುದಿಲ್ಲ’! ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕಕ್ಕಾಗಿ ಆ ಹೆಸರಿಗೊಂದು ಡಿಜಿಟಲ್ ಪ್ರಮಾಣಪತ್ರ ಪಡೆದರೆ ಅದು ಸಾರ್ವಜನಿಕ ದಾಖಲೆಯಲ್ಲಿ ಸೇರುತ್ತದೆ; 2018ರಿಂದ ಕ್ರೋಮ್ ಹೊಸ ಪ್ರಮಾಣಪತ್ರಗಳಿಗೆ ಇದನ್ನು ಕಡ್ಡಾಯ ಮಾಡಿದೆ. ಆ ದಾಖಲೆಯನ್ನು ಹುಡುಕಿ ಸಬ್‌ಡೊಮೇನ್‌ಗಳ ಹೆಸರು ಪಟ್ಟಿ ಮಾಡುವುದು ಯಾರಿಗೂ ಕಷ್ಟವಲ್ಲ.

ಆದ್ದರಿಂದ ಕರಡು ಪುಟಕ್ಕೆ ಪಾಸ್‌ವರ್ಡ್ ಹಾಕಿಸಿ, ಸರ್ವರಿನ ಮಟ್ಟದಲ್ಲಿಯೇ ಹಾಕಿಸಿ. ಲಾಗಿನ್ ಕೇಳುವ ಪುಟದೊಳಗೆ ಹುಡುಕಾಟದ ಯಂತ್ರವೂ ಹೋಗಲಾರದು. ಪಾಸ್‌ವರ್ಡ್ ಬೇಡ ಎನ್ನುವ ಡಿಸೈನರ್ ನಿಮಗೆ ಬೇಡ. ಮಾದರಿಗೆಂದು ನಿಜವಾದ ಮನುಷ್ಯರ ಹೆಸರುಗಳನ್ನು ಬಳಸಲು ಯಾರಿಗೂ ಬಿಡಬೇಡಿ. ಡೊಮೇನ್, ಹೋಸ್ಟಿಂಗ್, ಸರ್ಚ್ ಕನ್ಸೋಲ್ ಮೂರೂ ಸಂಘದ ಇಮೇಲ್ ವಿಳಾಸದಲ್ಲಿಯೇ ಇರಬೇಕು ಎಂದು ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.

ಶಿಕ್ಷಕಿಯವರ ಮನೆಗೆ ಅಧ್ಯಕ್ಷರೊಂದಿಗೆ ಹೋಗಿ ನಡೆದದ್ದನ್ನೆಲ್ಲ ವಿವರಿಸಿ ಬಂದಿದ್ದೇವೆ. ಡಿಸೈನರ್ ಕಡೆಯಿಂದ ಅವರಿಗೆ ಕ್ಷಮೆಯ ಒಂದು ಮಾತೂ ಹೋಗಿಲ್ಲ, ಖಾತೆಯ ಹಕ್ಕೂ ನಮಗೆ ಇನ್ನೂ ಬಂದಿಲ್ಲ. ಎರಡೂ ಆಗುವವರೆಗೆ ಅವರ ಕೊನೆಯ ಕಂತನ್ನು ಬಿಡುಗಡೆ ಮಾಡಬಾರದೆಂದು ಸಮಿತಿ ನಿರ್ಣಯಿಸಿದೆ.