ಬದುಕಿದ್ದನ್ನ ಎಸೆದೆ, ಸತ್ತಿದ್ದನ್ನ ಇಟ್ಕೊಂಡೆ: ಫೆದರ್ ಡಸ್ಟರ್ ಹುಳ ತರೋ ಮುಂಚೆ ಮನೆ ಆರ್‌ಓ ನೋಡ್ಕೊಳ್ಳಿ

ಮೈಸೂರು ಮಂಡ್ಯ ಕಡೆ ಯಾರಾದ್ರೂ ಉಪ್ಪುನೀರಿನ ಟ್ಯಾಂಕ್ ಇಡೋ ಯೋಚನೇಲಿದ್ರೆ, ಅದ್ರಲ್ಲೂ ಆ ಫೆದರ್ ಡಸ್ಟರ್ ಹುಳದ ಮೇಲೆ ಕಣ್ಣು ಬಿದ್ದಿದ್ರೆ, ಇದನ್ನ ಓದ್ಕೊಂಡು ಆಮೇಲೆ ಜೇಬಿಗೆ ಕೈ ಹಾಕಿ. ನಾನು ಎರಡು ಹುಳ, ನಾಲ್ಕು ಬಸವನಹುಳು, ಒಂದು ಸೀಗಡಿ, ಒಂದು ಕ್ಲೌನ್ ಮೀನು ಇಷ್ಟೂ ಕಳ್ಕೊಂಡ ಮೇಲೆ ಬರೀತಿದೀನಿ. ದುಡ್ಡಿನ ಲೆಕ್ಕ ಬಿಡಿ, ಅದನ್ನ ಮನೇಲಿ ಇನ್ನೂ ಪೂರ್ತಿ ಹೇಳಿಲ್ಲ.

ನಮ್ಮನೆ ಕುವೆಂಪುನಗರ. ಹತ್ತು ವರ್ಷದಿಂದ ಗಪ್ಪಿ, ಏಂಜಲ್, ಫ್ಲವರ್‌ಹಾರ್ನ್ ಅಂತ ಸಿಹಿನೀರಿನ ಮೀನು ಸಾಕ್ದವನು ನಾನು, ಮೀನು ಸಾಕೋದು ಗೊತ್ತು ಅನ್ನೋ ಸ್ವಲ್ಪ ಕೊಬ್ಬೂ ಇತ್ತು. ಹೋದ ವರ್ಷ ಜೂನಲ್ಲಿ 3 ಅಡಿ ಟ್ಯಾಂಕ್, ಸುಮಾರು 150 ಲೀಟರ್, ಉಪ್ಪುನೀರು ಮಾಡ್ದೆ. ಆಗಸ್ಟಲ್ಲಿ ಬೆಂಗಳೂರಿಗೆ ಹೋದಾಗ ಒಂದು ಅಂಗಡೀಲಿ ಈ ಹುಳ ನೋಡಿದ್ದು. ನೋಡ್ದೋರಿಗೆ ಗೊತ್ತಿರುತ್ತೆ, ಚರ್ಮದ ಥರ ಒಂದು ಕೊಳವೆ, ಅದರ ಬಾಯಿಂದ ಕಂದು ಬಿಳಿ ಪಟ್ಟೆ ಇರೋ ಗರಿಗಳು ಗುಂಡಗೆ ಬಿಚ್ಕೊಂಡಿರುತ್ತೆ, ದಸರಾ ಮೆರವಣಿಗೇಲಿ ಬೀಸ್ತಾರಲ್ಲ ಚಾಮರ, ಅದನ್ನ ಅಂಗೈಯಷ್ಟಕ್ಕೆ ಇಳಿಸಿ ನೀರಲ್ಲಿ ನೆಟ್ಟ ಹಾಗೆ. ಅಂಗಡಿಯವ್ನು ಹೇಳಿದ್ದು ಒಂದೇ ಮಾತು, "ಸಾರ್ ಇದಕ್ಕೇನೂ ಹಾಕೋದೇ ಬೇಡ, ನೀರಲ್ಲಿರೋದನ್ನೇ ತಿಂದ್ಕೊಂಡು ಇರುತ್ತೆ." ಜೋಡಿ 3,600 ಕೊಟ್ಟು ತಂದೆ.

ನೀರಲ್ಲಿರೋದನ್ನ ತಿನ್ನುತ್ತೆ ಅನ್ನೋದು ಸುಳ್ಳಲ್ಲ, ಆದ್ರೆ ಎರಡು ತಿಂಗಳ ಹೊಸ ಟ್ಯಾಂಕಲ್ಲಿ ತಿನ್ನೋಕೆ ಏನಿರುತ್ತೆ ಹೇಳಿ. ಇದು ಗರಿಗಳಿಂದ ನೀರು ಸೋಸಿ ತಿನ್ನೋ ಜೀವಿ. ಅದರ ಕೆಲಸ ನೋಡಿದ್ರೆ ನಮ್ಮಮ್ಮ ರಾಗಿ ಹಿಟ್ಟು ವಂದರಿ ಆಡೋದು ನೆನಪಾಗುತ್ತೆ, ತೀರಾ ಸಣ್ಣ ಕಣ ಬಾಯಿಗೆ, ಮಧ್ಯಮ ಗಾತ್ರದ್ದು ಲೋಳೆ ಜೊತೆ ಕಲಸಿ ಕೊಳವೆ ಕಟ್ಟೋಕೆ, ದಪ್ಪದ್ದು ಆಚೆಗೆ. ನಾನು ಹಳೇ ಸ್ಪಿರುಲಿನಾ ಫುಡ್ ಕುಟ್ಟಿ ಪುಡಿ ಮಾಡಿ ಹಾಕ್ತಿದ್ದೆ, ಅದು ಆ ಹುಳದ ಲೆಕ್ಕದಲ್ಲಿ ಜಲ್ಲಿಕಲ್ಲು, ತಿಂದಿದ್ದು ಏನೂ ಇಲ್ಲ ನೀರು ಕೆಟ್ಟಿದ್ದಷ್ಟೆ. ಕೊಡಬೇಕಾಗಿದ್ದು ಫೈಟೋಪ್ಲಾಂಕ್ಟನ್, ಅಂದ್ರೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಹಸಿರು ನೀರಿನ ಥರ ಬಾಟಲೀಲಿ ಬರುತ್ತೆ, ಅದನ್ನೂ ಒಂದೇ ಸಲ ಸುರಿಯಂಗಿಲ್ಲ. ಟ್ಯಾಂಕ್ ಕನಿಷ್ಠ ಆರು ತಿಂಗಳಾದ್ರೂ ಹಳೇದಾಗಿರ್ಲಿ ಅಂತ ತಿಳಿದೋರು ಹೇಳೋದು ಸುಮ್ನೆ ಅಲ್ಲ.

ಒಂಬತ್ತನೇ ದಿನ ಬೆಳಗ್ಗೆ ನೋಡ್ತೀನಿ, ಒಂದು ಹುಳದ ಗರಿ ಪೂರ್ತಿ ಕಳಚಿ ಫಿಲ್ಟರ್ ಬಾಯಿಗೆ ಅಂಟ್ಕೊಂಡಿದೆ. ಹೂವಿನ ದಳ ಉದುರಿದ ಹಾಗೆ. ಕೊಳವೆ ಮಾತ್ರ ಕಲ್ಲಿನ ಸಂದೀಲಿ ನಿಂತಿದೆ, ಬಾಯಿ ಮುಚ್ಕೊಂಡಿದೆ. ತಲೆ ಹೋಯ್ತು ಅಂದ್ಮೇಲೆ ಇನ್ನೇನು ಅಂತ ತೆಗೆದೆ. ತೆಗೆಯುವಾಗ ಕೊಳವೆ ಬುಡ ಗಟ್ಟಿಯಾಗೇ ಇತ್ತು, ಒಳಗೆ ಏನೋ ತುಂಬಿದ ಹಾಗೆ ಬೆರಳಿಗೆ ಸಿಕ್ತು, ಕೆಟ್ಟ ವಾಸನೆ ಇರ್ಲಿಲ್ಲ. ಆದ್ರೂ ತಗೊಂಡು ಹೋಗಿ ಮಲ್ಲಿಗೆ ಕುಂಡದ ಬುಡಕ್ಕೆ ಹಾಕ್ದೆ, ಗೊಬ್ಬರ ಆಗ್ಲಿ ಅಂತ.

ಅದು ಬದುಕಿತ್ತು. ಮೂರು ದಿನ ಆದ್ಮೇಲೆ ಮಂಡ್ಯದ ನನ್ನ ಕಾಲೇಜು ಗೆಳೆಯನಿಗೆ ಫೋನ್ ಮಾಡಿ ಹೇಳಿದಾಗ ಗೊತ್ತಾಯ್ತು. ಅವನು ಏಳೆಂಟು ವರ್ಷದಿಂದ ಉಪ್ಪುನೀರು ಟ್ಯಾಂಕ್ ಇಟ್ಟಿದಾನೆ. "ಅಯ್ಯೋ ಮುಟ್ಟಾಳ, ಗರಿ ಉದುರ್ಸೋದು ಅದುಕ್ಕೆ ಹಲ್ಲಿ ಬಾಲ ಕಳುಚ್ದಂಗೆ ಕಣ್ಲಾ, ಎಲ್ಡು ಮೂರು ವಾರ ಬುಟ್ಟಿದ್ರೆ ಸಣ್ದಾಗಿ ತಿರ್ಗಾ ಬತ್ತಿತ್ತು" ಅಂದ. ಜಾಗ ಬದಲಾದ್ರೆ, ನೀರು ಸರಿ ಇಲ್ಲದಿದ್ರೆ, ಯಾವುದಾದ್ರೂ ಮೀನು ಗರಿ ಕಚ್ತಿದ್ರೆ, ಗಾಬರಿ ಬಿದ್ದು ಗರಿ ಬಿಡುತ್ತೆ. ನಂದು ಯಾಕೆ ಬಿಡ್ತು ಅಂದ್ರೆ, ಅಂಗಡಿ ಕವರನ್ನ ಹದಿನೈದು ನಿಮಿಷ ಟ್ಯಾಂಕಲ್ಲಿ ತೇಲಿಸಿ ಗಪ್ಪಿ ಬಿಟ್ಟ ಹಾಗೆ ಬಿಟ್ಟುಬಿಟ್ಟಿದ್ದೆ. ಕವರಲ್ಲಿ ಉಳಿದಿದ್ದ ನೀರಿನ ಸಾಂದ್ರತೆ (ಉಪ್ಪು ಹೆಚ್ಚಿದಷ್ಟೂ ಇದು ಹೆಚ್ಚು) ಆಮೇಲೆ ಚೆಕ್ ಮಾಡಿದ್ರೆ 1.020, ನನ್ನ ಟ್ಯಾಂಕ್ 1.025. ಅಷ್ಟು ಉಪ್ಪಿನ ವ್ಯತ್ಯಾಸಕ್ಕೆ ಹನಿ ಹನಿಯಾಗಿ ಗಂಟೆಗಟ್ಲೆ ಒಗ್ಗಿಸಬೇಕಿತ್ತು. ಅಂತೂ ಮೊದಲನೇದನ್ನ ನಾನೇ ಕೈಯಾರೆ ಕೊಂದೆ. ಇವತ್ತಿಗೂ ಆ ಕುಂಡಕ್ಕೆ ನೀರು ಹಾಕೋವಾಗ ಒಂಥರಾ ಆಗುತ್ತೆ.

ಎರಡನೇದು ನಿಂತ್ಕೊಳ್ತು. ಫೈಟೋ ತರಿಸ್ಕೊಂಡು ಹಾಕೋಕೆ ಶುರು ಮಾಡಿದ್ಮೇಲೆ ಗರಿ ಇನ್ನೂ ಅಗಲ ಆಯ್ತು, ಕೊಳವೆ ತುದೀಲಿ ಹೊಸದಾಗಿ ಒಂದು ತೆಳು ಪದರ ಕಟ್ಕೊಳ್ತು, ಅದು ಚೆನ್ನಾಗಿದೆ ಅನ್ನೋದಕ್ಕೆ ಗುರುತು. ಅಮ್ಮನಿಗೂ ಅದರ ಮೇಲೆ ಪ್ರೀತಿ ಬಂತು. ಗರಿ ಮೇಲೆ ಬೆಳಕು ನೆರಳು ತಿಳಿಯೋ ಕಣ್ಣಿನ ಚುಕ್ಕೆಗಳಿರುತ್ತೆ, ಸಂಜೆ ದೀಪ ಹಚ್ಚೋಕೆ ಅಮ್ಮ ಆ ಕಡೆ ಹೋದಾಗ ಸೆರಗಿನ ನೆರಳು ಬಿದ್ರೆ ಸಾಕು ಸರಕ್ಕಂತ ಒಳಗೆ, ಮುಟ್ಟಿದ್ರೆ ಮುನಿ ಥರ. "ನನ್ನ ಕಂಡ್ರೆ ಭಯ ಕಣೋ ಇದಕ್ಕೆ" ಅಂತ ಅಮ್ಮ ಬೇಕಂತಲೇ ಎರಡು ಸಲ ಓಡಾಡೋರು. ಅಂದಹಾಗೆ ಇದರ ರಕ್ತ ಹಸಿರಂತೆ ಅಂದಾಗ ಅಮ್ಮ ನಂಬ್ಲಿಲ್ಲ, ನಿಜ ಅದು, ನಮ್ಮ ಹಿಮೋಗ್ಲೋಬಿನ್ ಥರದ್ದೇ ಕಬ್ಬಿಣದ ಅಂಶ ಇರೋ ಹಸಿರು ವರ್ಣಕ ಇರುತ್ತೆ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಉಪ್ಪುನೀರಿನ ಟ್ಯಾಂಕಿಗೆ ನಲ್ಲಿ ನೀರು ನೇರ ಹಾಕಂಗಿಲ್ಲ, ಆರ್‌ಓ ನೀರಿಗೆ ಸಾಲ್ಟ್ ಮಿಕ್ಸ್ ಕಲಸಿ ಹಾಕ್ಬೇಕು ಅಂತ ನಿಮಗೂ ಹೇಳಿರ್ತಾರೆ. ನಾನೂ ಅಡುಗೆಮನೆ ಆರ್‌ಓ ನೀರೇ ಹಿಡೀತಿದ್ದೆ. ದಸರಾ ಆಫರಲ್ಲಿ ಹಳೇ ಪ್ಯೂರಿಫೈಯರ್ ಎಕ್ಸ್‌ಚೇಂಜ್ ಮಾಡಿ ಹೊಸದು ತಗೊಂಡ್ವಿ. ಆಯುಧಪೂಜೆ ದಿನ ಅದಕ್ಕೂ ಕುಂಕುಮ ಇಟ್ಟಿದ್ದಾಯ್ತು. ಮುಂದೆ ದೊಡ್ಡದಾಗಿ ತಾಮ್ರದ ಬಣ್ಣದ ಸ್ಟಿಕರ್, ನೀರಿಗೆ ತಾಮ್ರದ ಗುಣ ಸೇರ್ಸುತ್ತೆ ಅಂತ. ಅಮ್ಮ ಆರಿಸಿದ್ದೇ ಅದಕ್ಕೆ, ಚಿಕ್ಕಂದಿನಿಂದ ರಾತ್ರಿ ತಾಮ್ರದ ಚೊಂಬಲ್ಲಿ ನೀರಿಟ್ಟು ಬೆಳಗ್ಗೆ ಕುಡಿಯೋ ಅಭ್ಯಾಸ ಅವರದ್ದು. ನಾನು ಆ ಸ್ಟಿಕರ್ ದಿನಾ ನೋಡ್ದೆ. ದಿನಾ ಅದರ ಕೆಳಗೇ ಕ್ಯಾನ್ ಹಿಡಿದು ನಿಂತೆ. ತಲೆಗೆ ಹೊಳೀಲೇ ಇಲ್ಲ.

ಮೊದಲು ಬಸವನಹುಳು ಗಾಜಿಂದ ಜಾರಿ ಬಿದ್ವು. ಎತ್ತಿ ನೆಟ್ಟಗೆ ಇಟ್ರೆ ಮತ್ತೆ ಮಗುಚ್ಕೊಳ್ತಿದ್ವು, ಒಂದು ವಾರದಲ್ಲಿ ನಾಲ್ಕೂ ಹೋದ್ವು. ವಯಸ್ಸಾಗಿತ್ತೇನೋ ಅಂದ್ಕೊಂಡೆ (ಬಸವನಹುಳಿನ ವಯಸ್ಸು ನನಗೇನು ಗೊತ್ತು, ಸುಮ್ನೆ ಸಮಾಧಾನಕ್ಕೆ). ಆಮೇಲೆ ಸೀಗಡಿ ಪೊರೆ ಬಿಟ್ಟ ರಾತ್ರಿಯೇ ಸತ್ತುಹೋಯ್ತು. ಹುಳ ಗರಿ ಪೂರ್ತಿ ಬಿಚ್ಚೋದು ನಿಲ್ಲಿಸ್ತು, ಅರ್ಧ ಬಿಚ್ಕೊಂಡು ಜೋಲು ಮುಖ ಹಾಕ್ಕೊಂಡಿರೋದು, ನೆರಳು ಬಿದ್ರೂ ನಿಧಾನಕ್ಕೆ ಒಳಗೆ ಹೋಗೋದು. ನೀರು ಟೆಸ್ಟ್ ಮಾಡಿದ್ರೆ ಮೀನಿಗೆ ವಿಷ ಆಗೋ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಉಪ್ಪು ಸರಿ, 26 ಡಿಗ್ರಿ. ಎರಡು ಕ್ಲೌನ್ ಮೀನು ಮಾತ್ರ ಏನೂ ಆಗ್ದೋರ ಹಾಗೆ ಓಡಾಡ್ಕೊಂಡು ಊಟಕ್ಕೆ ಮೇಲೆ ಬರ್ತಿದ್ವು. ಏನೋ ಸರಿ ಇಲ್ಲ ಅಂದ್ರೆ ನಾವೇನ್ ಮಾಡ್ತೀವಿ, ನೀರು ಬದಲಾಯಿಸ್ತೀವಿ. ವಾರಕ್ಕೆ 20 ಲೀಟರ್ ಬದಲಾಯಿಸ್ತಿದ್ದೋನು ವಾರಕ್ಕೆರಡು ಸಲ ಮಾಡ್ದೆ. ಅದೇ ಆರ್‌ಓ ನೀರು! ವಿಷ ಕುಡಿದೋನಿಗೆ ಅದನ್ನೇ ಇನ್ನೊಂದು ಲೋಟ ಕೊಟ್ಟ ಹಾಗೆ.

ದೀಪಾವಳಿ ಹೊತ್ತಿಗೆ ಹುಳ ಗರಿ ಉದುರಿಸ್ತು. ಈ ಸಲ ನಾನು ಬುದ್ಧಿವಂತ ಅಲ್ವಾ, ಹೋದ್ಸಲ ಅವಸರ ಮಾಡಿ ಎಸೆದು ಪಾಠ ಕಲ್ತಿದೀನಿ, ಎರಡು ಮೂರು ವಾರ ಬಿಡೋಣ ಬರುತ್ತೆ ಅಂತ ಹಾಗೇ ಬಿಟ್ಟೆ. ಕೊಳವೆ ಮೆತ್ತಗಾಗಿ ಬಾಗಿದ್ದು ಕಾಣಿಸ್ತಿತ್ತು, ಬಾಯಲ್ಲಿ ಬಿಳೀ ಲೋಳೆ ಥರ ಏನೋ ಜೋತಾಡ್ತಿತ್ತು, ಅದು ಹೊಸ ಗರಿ ಅಂದ್ಕೊಂಡೆ, ಸತ್ಯವಾಗ್ಲೂ. ಐದನೇ ದಿನ ನೀರು ಮಬ್ಬಾಯ್ತು, ಒಂದು ಕ್ಲೌನ್ ಮೂಲೇಲಿ ಉಸಿರೆಳೀತಾ ನಿಂತಿದೆ, ಟೆಸ್ಟ್ ಮಾಡಿದ್ರೆ ಅಮೋನಿಯಾ ಲೀಟರಿಗೆ 1 ಮಿಲಿಗ್ರಾಂನ ಬಣ್ಣ. ಕೊಳವೆ ಎತ್ತಿದ ತಕ್ಷಣ ಬಂದ ವಾಸನೆಗೆ ಅಮ್ಮ ಅಡುಗೆಮನೆಯಿಂದಲೇ "ಏನೋ ಅದು, ಹೆಗ್ಗಣ ಸತ್ತಿದ್ಯೇನೋ" ಅಂತ ಕೂಗಿದ್ರು. ಬೆರಳು ದಪ್ಪದ ಹುಳ ಕೊಳವೆ ಒಳಗೇ ಕೊಳೀತಾ ಇತ್ತು. ಸಂಜೆ ಆ ಕ್ಲೌನೂ ಹೋಯ್ತು.

ಅವತ್ತು ರಾತ್ರಿ ಮತ್ತೆ ಗೆಳೆಯನಿಗೆ ಫೋನ್. ಎಲ್ಲಾ ರೀಡಿಂಗ್ ಹೇಳ್ದೆ. ಅವನು ಕೇಳಿದ್ದೇ ಬೇರೆ. "ಮೀನು ಚೆಂದಾಗಿದ್ವು, ಬಸ್ವನ್‌ಹುಳ, ಸೀಗ್ಡಿ, ಹುಳ, ಬರೀ ಮೂಳೆ ಇಲ್ದವೇ ಮೊದ್ಲು ಸತ್ವು ಅಂತೀಯಲ್ಲ, ಮೀನಿಗೇನಾರ ಔಸ್ದಿ ಹಾಕಿದ್ದೇನ್ಲಾ?" ಇಲ್ಲ ಅಂದೆ. "ಹಂಗಾರೆ ನೀರು ಯಾವ್ದು ಯೋಳು." ಆರ್‌ಓ ಅಂದೆ. "ಯಾವ್ ಆರ್‌ಓ?" ಅಂದ. ಆಗ ನಾನು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ, ಎದುರಿಗೇ ಸ್ಟಿಕರ್. ಮಾತೇ ಹೊರಡ್ಲಿಲ್ಲ. ಅವರ ತೋಟದಲ್ಲಿ ಅಡಿಕೆಗೆ ಮೈಲುತುತ್ತ ಸುಣ್ಣ ಕಲಸಿ ಹೊಡೀತಾರೆ, "ಮೈಲುತುತ್ತ ಅಂದ್ರೇನ್ಲಾ, ತಾಮ್ರನೇಯ. ಬಸ್ವನ್‌ಹುಳುಕ್ಕೆ ಅದು ಯಮ" ಅಂದ.

ವಿಷಯ ಇಷ್ಟು. ಆರ್‌ಓ ಮೆಂಬ್ರೇನ್, ಅಂದ್ರೆ ಒಳಗೆ ನೀರು ಸೋಸೋ ಪೊರೆ, ತಾಮ್ರನೂ ಸೇರಿ ಹೆಚ್ಚುಕಡಿಮೆ ಎಲ್ಲಾ ತೆಗೆದುಬಿಡುತ್ತೆ, ಆದ್ರೆ ಈ ಥರ ಮಾಡೆಲಲ್ಲಿ ಮೆಂಬ್ರೇನ್ ಆದ್ಮೇಲೆ ಕೊನೇಲಿ ಒಂದು ಕಾರ್ಟ್ರಿಡ್ಜ್ ಇರುತ್ತೆ, ಅದು ಬೇಕಂತಲೇ ತಾಮ್ರ ಬಿಡುತ್ತೆ. ಟಿಡಿಎಸ್ ಮೀಟರ್ ಇದನ್ನ ಹಿಡಿಯಲ್ಲ, ಅದು ಒಟ್ಟು ಎಷ್ಟು ಕರಗಿದೆ ಅಂತ ತೋರಿಸುತ್ತೆ, ಏನು ಕರಗಿದೆ ಅಂತಲ್ಲ. ಇನ್ನೊಂದು, ಟ್ಯಾಂಕಿಂದ ದಿನಾ ಎರಡು ಲೀಟರ್ ನೀರು ಆವಿಯಾಗ್ತಿತ್ತು, ಅಷ್ಟನ್ನೂ ಅದೇ ನೀರಿಂದ ತುಂಬಿಸ್ತಿದ್ದೆ. ನೀರು ಆವಿ ಆಗುತ್ತೆ, ತಾಮ್ರ ಆಗಲ್ಲ. ದಿನಾ ಒಂದೊಂದು ಚಿಟಿಕೆ ಹುಂಡಿಗೆ ಬಿದ್ದ ಹಾಗೆ ಸೇರ್ತಾ ಹೋಗಿದೆ. ತಾಮ್ರದ ಟೆಸ್ಟ್ ಕಿಟ್ ತರಿಸಿ ನೋಡಿದಾಗ ಆರ್‌ಓ ನೀರಲ್ಲಿ ಲೀಟರಿಗೆ 0.25 ಮಿಲಿಗ್ರಾಂನ ಬಣ್ಣ ಬಂತು. ಮೀನಿನ ಬಿಳೀಚುಕ್ಕೆ ರೋಗಕ್ಕೆ ಔಷಧಿಯಾಗಿ ತಾಮ್ರ ಹಾಕೋದೇ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ಅದನ್ನೂ ಹುಳ ಸೀಗಡಿ ಏನೂ ಇಲ್ಲದ ಬೇರೆ ಟ್ಯಾಂಕಲ್ಲಿ. ಮೀನು ಅಷ್ಟನ್ನ ತಡ್ಕೊಳ್ಳುತ್ತೆ, ಅದಕ್ಕೇ ನನ್ನ ಕ್ಲೌನುಗಳಿಗೆ ಏನೂ ಅನ್ನಿಸದೇ ಇದ್ದಿದ್ದು.

ಅಮ್ಮ ಕೇಳಿದ್ದು ಇನ್ನೊಂದು ಪ್ರಶ್ನೆ, "ಹಾಗಾದ್ರೆ ನಾವು ಕುಡೀತಿದೀವಲ್ಲೋ?" ಕುಡಿಯೋ ನೀರಿಗೆ ನಮ್ಮ ದೇಶದ ಐಎಸ್ 10500 ಅನ್ನೋ ಮಾನದಂಡದ ಪ್ರಕಾರ ತಾಮ್ರ ಲೀಟರಿಗೆ 0.05 ಮಿಲಿಗ್ರಾಂ ಮೀರದಿದ್ರೆ ಒಳ್ಳೇದು, ಬೇರೆ ನೀರೇ ಸಿಗದ ಕಡೆ 1.5 ತನಕ ನಡೆಯುತ್ತೆ. ಮನುಷ್ಯನಿಗೆ ಪರವಾಗಿಲ್ಲದ್ದು ಹುಳಕ್ಕೆ ವಿಷ. ಅಮ್ಮನಿಗೆ ಈ ಅಂಕಿ ಬೇಕಾಗ್ಲಿಲ್ಲ, "ಕಲಾಯಿ ಇಲ್ಲದ ತಾಮ್ರದ ಪಾತ್ರೇಲಿ ಹುಳಿ ಇಟ್ರೆ ಕಿಲುಬು ಬರುತ್ತೆ ಅಂತ ನಮ್ಮಜ್ಜಿ ಇಡಕ್ಕೆ ಬಿಡ್ತಿರ್ಲಿಲ್ಲ, ಅದನ್ನ ಮೊದಲೇ ಕೇಳಿದ್ರೆ ಹೇಳ್ತಿದ್ದೆ" ಅಂದ್ರು. ಕೇಳ್ಬೇಕಿತ್ತು.

ನೀವು ಮಾಡ್ಬೇಕಾಗಿದ್ದು ಏನು ಅಂದ್ರೆ, ಮನೆ ಪ್ಯೂರಿಫೈಯರ್ ಮುಚ್ಚಳ ತೆಗೆದು ಕಾರ್ಟ್ರಿಡ್ಜ್ ಹೆಸರು ಓದಿ, ತಾಮ್ರ ಅಂತ ಇದ್ರೆ ಆ ನೀರು ಟ್ಯಾಂಕಿಗೆ ಬೇಡ. ನಾನು ಸರ್ವಿಸ್ ಹುಡುಗನ ಕೈಲಿ ಮೆಂಬ್ರೇನ್ ಆದ ತಕ್ಷಣ ಒಂದು ಟೀ ಜಾಯಿಂಟ್ ಹಾಕಿಸಿ ಬೇರೆ ಪೈಪ್ ತೆಗೆಸಿದೀನಿ, ಅದರ ಮುಂದೆ ಒಂದು ಡಿಐ ರೆಸಿನ್ ಡಬ್ಬಿ, ನೀರಲ್ಲಿ ಕರಗಿ ಉಳಿದಿರೋ ಲವಣಾನೂ ಹೀರ್ಕೊಳ್ಳೋಕೆ. ಹಂಡೆ, ಕೊಳಗ, ತಾಮ್ರದ ಬಿಂದಿಗೆ ಯಾವುದರಲ್ಲೂ ಟ್ಯಾಂಕ್ ನೀರು ಶೇಖರಿಸ್ಬೇಡಿ, ಪ್ಲಾಸ್ಟಿಕ್ ಡ್ರಮ್ಮೇ ಗತಿ. ಗರಿ ಉದುರಿಸ್ದ ಹುಳನ ನೋಡೋವಾಗ ಕೊಳವೆನ ನೀರೊಳಗೇ ಮೆತ್ತಗೆ ಒತ್ತಿ ನೋಡಿ, ಗಟ್ಟಿ ಇದ್ರೆ ಬಿಡಿ, ಮೆತ್ತಗಾಗಿ ಲೋಳೆ ಬಂದಿದ್ರೆ ಅವತ್ತೇ ತೆಗೀರಿ. ಅನುಮಾನ ಬಂದ್ರೆ ಟ್ಯಾಂಕ್ ನೀರು ಹಾಕಿದ ಬೇರೆ ಡಬ್ಬೀಲಿ ಏರ್‌ಸ್ಟೋನ್ (ಗಾಳಿ ಗುಳ್ಳೆ ಬಿಡೋ ಕಲ್ಲು) ಕೊಟ್ಟು ಇಡಿ, ಸತ್ರೆ ಒಂದೇ ಸಾಯ್ಲಿ.

ಟ್ಯಾಂಕಲ್ಲಿ ಈಗ ಒಂದೇ ಒಂದು ಕ್ಲೌನ್ ಇದೆ. ತಾಮ್ರ ಹೀರೋ ರೆಸಿನ್, ಕಾರ್ಬನ್ ಎಲ್ಲಾ ಹಾಕಿ ನೀರು ಸೊನ್ನೆ ತೋರಿಸ್ತಿದೆ, ಆದ್ರೆ ಕಲ್ಲು ಮರಳು ತಾಮ್ರ ಹಿಡ್ಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತೆ, ಅದನ್ನ ನಂಬೋ ಹಾಗಿಲ್ಲ. ಮರಳು ಎಸೆದಾಯ್ತು. ಕಲ್ಲು, ಅಂಗಡೀಲಿ ಲೈವ್ ರಾಕ್ ಅಂತಾರಲ್ಲ ಅದು, ಎರಡು ಬಕೆಟ್ ತಾರಸಿ ಮೇಲಿದೆ, ಅಮ್ಮ ಅದರ ಸುತ್ತ ದೊಡ್ಡಪತ್ರೆ ಕುಂಡ ಜೋಡಿಸಿದಾರೆ. ಹೋದ ವಾರ ಒಬ್ಬರು ಫೋನ್ ಮಾಡಿ "ಸಾರ್ ಲೈವ್ ರಾಕ್ ಕೊಡ್ತೀರಾ, ಅರ್ಧ ರೇಟಾದ್ರೂ ಸರಿ" ಅಂದ್ರು. ಕೊಡಲ್ಲ ಅಂದೆ, ಕಾರಣನೂ ಹೇಳ್ದೆ. ನೀವು ಯಾರ ಹತ್ರನಾದ್ರೂ ಸೆಕೆಂಡ್ ಹ್ಯಾಂಡ್ ಕಲ್ಲು ತಗೊಂಡ್ರೆ ಆ ಟ್ಯಾಂಕಿಗೆ ಯಾವತ್ತಾದ್ರೂ ತಾಮ್ರದ ಔಷಧಿ ಬಿದ್ದಿತ್ತಾ, ಯಾವ ನೀರು ಹಾಕ್ತಿದ್ರು ಅಂತ ಕೇಳಿ. ನೇರ ಉತ್ತರ ಬರದಿದ್ರೆ ವಾಪಸ್ ಬನ್ನಿ.